ನಾಲ್ಕನೆಯ ಪ್ರಶ್ನೆ

2011ರಲ್ಲಿ ಬ್ರಿಟನ್ನಿನಲ್ಲಿ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಹೊರಬಂತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಬಗ್ಗೆ ಮುಂದೆ ಸಂಶೋಧನೆ ಮಾಡುವುದಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಪಟ್ಟಿ. ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಊಹಿಸಬಹುದು: ಯಾವ ಔಷಧಿಗೂ ಬಗ್ಗದ ಕಾಯಿಲೆಗೆ ಏನು ಮಾಡುವುದು? ಎರಡನೆಯದು, ಕಾಯಿಲೆ ಮರುಕಳಿಸುವ ಮುನ್ಸೂಚನೆ ಹಿಡಿಯಲು ಎಂಥ ತರಬೇತಿ ಬೇಕು? ಮೂರನೆಯದು, ಆಸ್ಪತ್ರೆಯಿಂದ ಮನೆಗೆ ಬಂದವರಿಗೂ ಚಿಕಿತ್ಸೆಯನ್ನು ಕಡ್ಡಾಯ ಮಾಡಬೇಕೇ? ನಾಲ್ಕನೆಯದರ ಎದುರು ನಾನು ನಿಂತುಬಿಟ್ಟೆ. ಮಾತ್ರೆಯಿಂದ ಲೈಂಗಿಕ ಜೀವನ ಹದಗೆಟ್ಟರೆ ಏನು ಪರಿಹಾರ?

ವೈದ್ಯಕೀಯ ಪುಸ್ತಕಗಳಲ್ಲಿ ಈ ತೊಂದರೆಯ ಉಲ್ಲೇಖ ಇಲ್ಲವೆಂದಲ್ಲ. ಬಾಯಿ ಒಣಗುವುದು, ಮಂಪರು, ಕೈನಡುಕ, ಮಲಬದ್ಧತೆ ಎಂದು ಸಾಗುವ ಅಡ್ಡಪರಿಣಾಮಗಳ ಸಾಲಿನಲ್ಲಿ ಎರಡು ಅಲ್ಪವಿರಾಮಗಳ ನಡುವೆ ಅದೂ ಇರುತ್ತದೆ. ಕಾರಣವೂ ಗೊತ್ತಿದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಬಹುತೇಕ ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಇಲ್ಲದ ದನಿಗಳು ಕೇಳಿಸುವುದು ಅದರಿಂದಲೇ ಕಡಿಮೆಯಾಗುವುದು. ಆದರೆ ಅದೇ ಡೋಪಮಿನ್ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೇರೊಂದು ಕಾವಲು ಕಾಯುತ್ತಿರುತ್ತದೆ. ಎದೆಹಾಲು ಉಕ್ಕಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೊತ್ತಲ್ಲದ ಹೊತ್ತಿನಲ್ಲಿ ಏರದಂತೆ ಅದು ನೋಡಿಕೊಳ್ಳುತ್ತದೆ. ಕಾವಲುಗಾರನನ್ನು ಎಬ್ಬಿಸಿ ಕಳಿಸಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಬಸಿರಾಗದಿದ್ದರೂ ಎದೆಯಲ್ಲಿ ಹಾಲು ಬರಬಹುದು. ಗಂಡಸರಿಗೆ ಆಸೆ ಇಂಗಬಹುದು, ಆಸೆ ಇದ್ದರೂ ಮೈ ಸಹಕರಿಸದಿರಬಹುದು.

ಮಾತ್ರೆ ನುಂಗುವ ಮೂವತ್ತರ ವಯಸ್ಸಿನವರಿಗೆ ಇದು ಎರಡು ಅಲ್ಪವಿರಾಮಗಳ ನಡುವಿನ ವಿಷಯವಲ್ಲ. ವೈದ್ಯರು ಕೇಳುವುದು ಅಪರೂಪ. ಪಕ್ಕದಲ್ಲಿ ಅಮ್ಮನೋ ಮಾವನೋ ಕೂತಿರುವಾಗ ಇವರಾಗಿ ಹೇಳುವುದಿಲ್ಲ. ಒಂದು ದಿನ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಕೆಲವು ತಿಂಗಳಿಗೆ ಮತ್ತೆ ಅದೇ ದನಿಗಳು, ಮತ್ತೆ ಆಸ್ಪತ್ರೆ. ‘ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ’ ಎಂದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಯಾಕೆ ತೆಗೆದುಕೊಂಡಿಲ್ಲ ಎಂದು ಬರೆಯಲು ಅಲ್ಲಿ ಜಾಗ ಇರುವುದಿಲ್ಲ.

ವಿಜ್ಞಾನಿಗಳಷ್ಟೇ ಕೂತು ಪಟ್ಟಿ ಮಾಡಿದ್ದರೆ ಈ ಪ್ರಶ್ನೆ ನಾಲ್ಕನೆಯ ಸ್ಥಾನಕ್ಕೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಪಟ್ಟಿ ಮಾಡಿದ್ದು ಕಾಯಿಲೆ ಅನುಭವಿಸಿದವರು, ಅವರನ್ನು ನೋಡಿಕೊಳ್ಳುವವರು ಮತ್ತು ಚಿಕಿತ್ಸೆ ಕೊಡುವವರು. ಇದಕ್ಕೊಂದು ಪದ್ಧತಿಯನ್ನೇ ರೂಪಿಸಿದ್ದು 2004ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಜೇಮ್ಸ್ ಲಿಂಡ್ ಅಲಯನ್ಸ್. ಮೊದಲು ಎಲ್ಲರಿಂದ ಪ್ರಶ್ನೆ ಕೇಳಿ ತರಿಸಿಕೊಳ್ಳುತ್ತಾರೆ. ಬಂದ ಪ್ರಶ್ನೆಗೆ ಈಗಾಗಲೇ ಉತ್ತರ ಇದೆಯೇ ಎಂದು ಹಳೆಯ ಸಂಶೋಧನೆಗಳನ್ನು ಜಾಲಾಡುತ್ತಾರೆ. ಉತ್ತರ ಇದ್ದರೆ ಆ ಪ್ರಶ್ನೆ ಹೊರಗೆ. ಉಳಿದವನ್ನು ಸೋಸುತ್ತ ಬಂದು ಕೊನೆಗೊಂದು ದಿನ ರೋಗಿ, ತಾಯಿ, ದಾದಿ, ಮನೋವೈದ್ಯ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಪ್ರಶ್ನೆಗಳನ್ನು ಬರೆದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಮೇಲೆ ಕೆಳಗೆ ಸರಿಸುತ್ತ, ವಾದಿಸುತ್ತ ಹತ್ತಕ್ಕೆ ಇಳಿಸುತ್ತಾರೆ. ಔಷಧಿ ಕಂಪನಿಯವರಿಗೆ ಈ ಮೇಜಿನಲ್ಲಿ ಜಾಗವಿಲ್ಲ. ರೋಗಿಗಳನ್ನು ನೋಡದೆ ಬರೀ ಸಂಶೋಧನೆ ಮಾಡುವವರಿಗೂ ಮತವಿಲ್ಲ. ನನಗೆ ಹಿಡಿಸಿದ್ದು ಈ ಎರಡು ನಿಯಮ.

ಸಂಸ್ಥೆಗೆ ಹೆಸರು ಕೊಟ್ಟ ಜೇಮ್ಸ್ ಲಿಂಡ್ ಹಡಗಿನ ವೈದ್ಯ. 1747ರಲ್ಲಿ ಸ್ಕರ್ವಿಯಿಂದ ವಸಡು ಕೊಳೆತ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ ಬೇರೆಬೇರೆ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದವರು ಎದ್ದು ಓಡಾಡಿದರು. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ತೀರ್ಮಾನಿಸಿದ್ದು 1795ರಲ್ಲಿ. ಅಷ್ಟರಲ್ಲಿ ಲಿಂಡ್ ತೀರಿಕೊಂಡು ವರ್ಷವಾಗಿತ್ತು. ಉತ್ತರ ಕೈಯಲ್ಲಿದ್ದೂ ಬಳಸದೆ ಕೂರುವ ಈ ಚಾಳಿಗೆ ಮುಂದೆ ಮತ್ತೆ ಬರುತ್ತೇನೆ.

ಇಂಥ ಪಟ್ಟಿಯ ಅಗತ್ಯ ಯಾಕೆ ಬಂತು? 1998ರಲ್ಲಿ ಬೆನ್ ಥಾರ್ನ್‌ಲಿ ಮತ್ತು ಕ್ಲೈವ್ ಆಡಮ್ಸ್ ಎಂಬ ಇಬ್ಬರು ಒಂದು ಬೇಸರದ ಕೆಲಸ ಮಾಡಿದರು. ಐವತ್ತು ವರ್ಷಗಳಲ್ಲಿ ಸ್ಕಿಜೋಫ್ರೇನಿಯಾ ಕುರಿತು ನಡೆದ 2,000 ಚಿಕಿತ್ಸಾ ಪ್ರಯೋಗಗಳನ್ನು ಕೂಡಿಹಾಕಿ ಓದಿದರು. ಒಂದು ಪ್ರಯೋಗಕ್ಕೆ ಸರಾಸರಿ 65 ಜನ. ಅರ್ಧಕ್ಕಿಂತ ಹೆಚ್ಚು ಪ್ರಯೋಗಗಳು ಆರು ವಾರ ಅಥವಾ ಇನ್ನೂ ಕಡಿಮೆ ಅವಧಿಯವು. ಕಾಯಿಲೆಯಾದರೋ ಎಷ್ಟೋ ಜನರಿಗೆ ಜೀವಮಾನ ಪೂರ್ತಿ ಇರುವಂಥದ್ದು. ಬಹುಪಾಲು ಪ್ರಯೋಗಗಳು ಪರೀಕ್ಷಿಸಿದ್ದು ಮಾತ್ರೆಯನ್ನೇ. ಗುಣವಾಯಿತೋ ಇಲ್ಲವೋ ಎಂದು ಅಳೆಯಲು ಬಳಸಿದ ಮಾಪನಗಳು ಎಷ್ಟು ಗೊತ್ತೇ? 640. ಒಂದೂರಿನಲ್ಲಿ ಸೇರು, ಪಕ್ಕದೂರಿನಲ್ಲಿ ಕೊಳಗ, ಅದರಾಚೆ ಬಳ್ಳ. ಕೊನೆಗೆ ಒಟ್ಟು ರಾಗಿ ಎಷ್ಟು ಬೆಳೆಯಿತು ಎಂದು ಹೇಳಲು ಯಾರಿಂದಲೂ ಆಗದು.

ಈ ಪ್ರಯೋಗಗಳನ್ನು ಮಾಡಿದವರೆಲ್ಲ ಸೋಮಾರಿಗಳಲ್ಲ, ಕೆಟ್ಟವರೂ ಅಲ್ಲ. ಹಣ ಬಂದ ಕಡೆಯಿಂದ ಪ್ರಶ್ನೆಯೂ ಬಂತು, ಅಷ್ಟೆ. ಹೊಸ ಮಾತ್ರೆ ತಯಾರಿಸಿದ ಕಂಪನಿಗೆ ಬೇಕಾದದ್ದು ಖಾಲಿ ಮಾತ್ರೆಗಿಂತ ತನ್ನ ಮಾತ್ರೆ ಮೇಲು ಎಂಬ ಪುರಾವೆ. ಅದಕ್ಕೆ ಆರು ವಾರ ಸಾಕು. ತನ್ನ ಮಾತ್ರೆಯನ್ನು ಜನ ಒಂದೂವರೆ ವರ್ಷ ತೆಗೆದುಕೊಳ್ಳುತ್ತಾರೆಯೇ, ಹಳೆಯ ಅಗ್ಗದ ಮಾತ್ರೆಗಿಂತ ಇದು ನಿಜಕ್ಕೂ ಉತ್ತಮವೇ ಎಂದು ಕೇಳಿ ಅದು ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಳ್ಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಲು ಸರ್ಕಾರದ ಹಣವೇ ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ‘ಕ್ಯಾಟಿ’ ಎಂಬ ಪ್ರಯೋಗಕ್ಕೆ ಹಣ ಕೊಟ್ಟಿತು. 2005ರಲ್ಲಿ ಫಲಿತಾಂಶ ಬಂತು. ಆ ದೇಶದ 57 ಕಡೆಗಳಲ್ಲಿ 1,493 ರೋಗಿಗಳು, 18 ತಿಂಗಳು. ಹೊಸ ತಲೆಮಾರಿನ ದುಬಾರಿ ಮಾತ್ರೆಗಳ ಜೊತೆಗೆ ಪರ್ಫೆನಜಿನ್ ಎಂಬ ಹಳೆಯ ಮಾತ್ರೆಯನ್ನೂ ಪಂದ್ಯಕ್ಕೆ ಬಿಟ್ಟಿದ್ದರು. ಈ ಪ್ರಯೋಗದ ಜಾಣತನ ಇದ್ದದ್ದು ಅದರ ಅಳತೆಗೋಲಿನಲ್ಲಿ. ಲಕ್ಷಣಗಳಿಗೆ ಅಂಕ ಕೊಡುವುದನ್ನು ಪಕ್ಕಕ್ಕಿಟ್ಟು, ಕೊಟ್ಟ ಮಾತ್ರೆಯನ್ನು ರೋಗಿ ಎಷ್ಟು ದಿನ ಮುಂದುವರಿಸುತ್ತಾನೆ ಎಂಬುದನ್ನೇ ಮುಖ್ಯವಾಗಿ ನೋಡಿದರು. ಮಾತ್ರೆ ಕೆಲಸ ಮಾಡದಿದ್ದರೆ ಬಿಡುತ್ತಾನೆ, ಕೆಲಸ ಮಾಡಿಯೂ ಮೈ ಕೆಡಿಸಿದರೆ ಬಿಡುತ್ತಾನೆ. ಎರಡರ ಲೆಕ್ಕವೂ ಒಂದೇ ಸಂಖ್ಯೆಯೊಳಗೆ ಬಂದುಬಿಡುತ್ತದೆ. ಬಂದ ಉತ್ತರ: ನೂರಕ್ಕೆ 74 ಜನ ಅವಧಿ ಮುಗಿಯುವ ಮೊದಲೇ ತಮಗೆ ಕೊಟ್ಟ ಮಾತ್ರೆಯನ್ನು ಬಿಟ್ಟಿದ್ದರು. ಹಳೆಯ ಪರ್ಫೆನಜಿನ್ ಬಹುಮಟ್ಟಿಗೆ ಹೊಸಬರ ಸಮಕ್ಕೆ ನಿಂತಿತು. ತುಸು ಹೆಚ್ಚು ದಿನ ಉಳಿದದ್ದು ಹೊಸಬರಲ್ಲೊಂದಾದ ಒಲಾಂಜಪಿನ್. ಆದರೆ ಅದನ್ನು ತೆಗೆದುಕೊಂಡವರ ತೂಕ ತಿಂಗಳಿಗೆ ಹೆಚ್ಚುಕಡಿಮೆ ಒಂದು ಕಿಲೋ ಲೆಕ್ಕದಲ್ಲಿ ಏರಿತು.

ಬ್ರಿಟನ್ನಿನ ಪಟ್ಟಿಯ ಹತ್ತನೆಯ ಪ್ರಶ್ನೆ ಈ ತೂಕದ್ದೇ. ಹೊಟ್ಟೆ ಬಂದರೆ ಬರಲಿ ಬಿಡಿ, ಬುದ್ಧಿ ನೆಟ್ಟಗಿದ್ದರೆ ಸಾಕು ಎನ್ನುವ ಬಂಧುಗಳನ್ನು ನೀವೂ ಕಂಡಿರುತ್ತೀರಿ. ಆದರೆ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಹೆಚ್ಚಿನವರನ್ನು ಒಯ್ಯುವುದು ಹೃದ್ರೋಗ, ಸಕ್ಕರೆ ಕಾಯಿಲೆಯಂಥ ಮೈಯ ಕಾಯಿಲೆಗಳೇ.

ಹಾಗಾದರೆ ಎಲ್ಲ ಸಂಶೋಧನೆಯನ್ನೂ ರೋಗಿಗಳ ಮತಕ್ಕೆ ಬಿಟ್ಟುಬಿಡೋಣವೇ? ಇಲ್ಲಿ ನನ್ನ ಉತ್ಸಾಹಕ್ಕೆ ನಾನೇ ಕಡಿವಾಣ ಹಾಕಬೇಕು. 1940ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯ ಗಿನಿಯಿಲಿಗಳಿಗೆ ಲಿಥಿಯಂ ಚುಚ್ಚುತ್ತಿದ್ದ. ಉನ್ಮಾದಕ್ಕೆ ದೇಹದ ಯಾವುದೋ ವಿಷವೇ ಕಾರಣ ಎಂಬುದು ಅವನ ತರ್ಕ. ತರ್ಕ ತಪ್ಪಾಗಿತ್ತು. ಇಲಿಗಳು ಮಂಕಾಗಿ ಮಲಗಿದ್ದು ಬಹುಶಃ ಲಿಥಿಯಂ ಜಾಸ್ತಿಯಾಗಿ. ಆದರೆ ಅಲ್ಲಿಂದ ಅವನು ಹತ್ತು ಉನ್ಮಾದ ರೋಗಿಗಳಿಗೆ ಅದನ್ನು ಕೊಟ್ಟ, ಅವರು ಶಾಂತರಾದರು. ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಅದಕ್ಕಿಂತ ನಂಬಿಕಸ್ಥ ಔಷಧಿ ಇಲ್ಲ. ಯಾವ ಮೇಜಿನ ಸುತ್ತ ಯಾರನ್ನು ಕೂರಿಸಿದ್ದರೂ ‘ಇಲಿಗೆ ಲಿಥಿಯಂ ಕೊಟ್ಟು ನೋಡಿ’ ಎಂಬ ಕಾರ್ಡು ಬರುತ್ತಿರಲಿಲ್ಲ. ಕುತೂಹಲಕ್ಕೆ ಸಂಬಳ ಕೊಡಲೇಬೇಕು. ಲಿಥಿಯಂ ಕಥೆಗೆ ಇನ್ನೊಂದು ತುದಿಯೂ ಇದೆ: ಅದು ನೆಲದಲ್ಲಿ ಸಿಗುವ ಲವಣ, ಯಾರೂ ಪೇಟೆಂಟ್ ಮಾಡಿ ಲಾಭ ಎಣಿಸುವಂತಿಲ್ಲ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1970ರಲ್ಲಿ.

ಪ್ರಶ್ನೆ ಇರುವುದು ಯಾವುದಕ್ಕೆ ಎಷ್ಟು ಪಾಲು ಎಂಬುದರಲ್ಲಿ. 2015ರಿಂದ 2019ರವರೆಗೆ ಮಾನಸಿಕ ಆರೋಗ್ಯ ಸಂಶೋಧನೆಗೆ ಜಗತ್ತು ವರ್ಷಕ್ಕೆ ಸುಮಾರು 370 ಕೋಟಿ ಡಾಲರ್ ಖರ್ಚು ಮಾಡಿತೆಂದು ಒಂದು ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ನರಕೋಶ, ಜೀನು ಮುಂತಾದ ಮೂಲ ಸಂಶೋಧನೆಗೆ. ಕಾಯಿಲೆ ಬಾರದಂತೆ ತಡೆಯುವ ಸಂಶೋಧನೆಗೆ ಸಿಕ್ಕಿದ್ದು ನೂರಕ್ಕೆ ಏಳು. 2002ರಿಂದ 2015ರವರೆಗೆ ಅಮೆರಿಕದ ಅದೇ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾಗಿದ್ದ ಟಾಮ್ ಇನ್ಸೆಲ್ ಕುರ್ಚಿ ಬಿಟ್ಟ ಮೇಲೆ ಮನಸ್ಸು ಬಿಚ್ಚಿ ಮಾತಾಡಿದರು. ಮಿದುಳು ಮತ್ತು ಜೀನುಗಳ ಹಿಂದೆ ಬಿದ್ದು ಸುಮಾರು 2,000 ಕೋಟಿ ಡಾಲರ್ ಖರ್ಚಾಯಿತು, ವಿಜ್ಞಾನಿಗಳಿಂದ ಒಳ್ಳೊಳ್ಳೆಯ ಪ್ರಬಂಧಗಳೂ ಬಂದವು, ಆದರೆ ಆತ್ಮಹತ್ಯೆ ಕಡಿಮೆ ಮಾಡುವಲ್ಲಿ, ಆಸ್ಪತ್ರೆ ಸೇರುವವರನ್ನು ಕಡಿಮೆ ಮಾಡುವಲ್ಲಿ ತಾವು ತಕ್ಕಡಿಯ ಮುಳ್ಳನ್ನೂ ಅಲುಗಾಡಿಸಲಿಲ್ಲ ಎಂಬರ್ಥದಲ್ಲಿ ಹೇಳಿದರು. ಅಧಿಕಾರದಲ್ಲಿದ್ದಾಗಲೇ ಹೇಳಿದ್ದರೆ ಚೆನ್ನಾಗಿತ್ತು ಎನ್ನುವುದು ಸುಲಭ. ಹೇಳಿದ್ದೇ ದೊಡ್ಡದು ಎಂದುಕೊಳ್ಳುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 12 ರಾಜ್ಯಗಳ 34,802 ವಯಸ್ಕರನ್ನು ಮಾತಾಡಿಸಿದರು. ನೂರರಲ್ಲಿ ಹತ್ತಕ್ಕೂ ಹೆಚ್ಚು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾದರೂ ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ 70ರ ಮೇಲೆಯೇ. ಇರುವ ಔಷಧಿಯೇ ಮುಟ್ಟದ ಜನರಿಗೆ ಇನ್ನೂ ಹುಟ್ಟದ ಔಷಧಿಯಿಂದ ಏನು ಪ್ರಯೋಜನ? ಲಿಂಡ್‌ನ ನಿಂಬೆಹಣ್ಣಿನ ಪಾಡೇ ಇದು. ನಮ್ಮಲ್ಲಿ ಮೊದಲು ಸಂಶೋಧಿಸಬೇಕಾದದ್ದು ಉತ್ತರವನ್ನು ಊರಿಗೆ ಮುಟ್ಟಿಸುವ ದಾರಿಯನ್ನೇ.

ಈ ದಾರಿಯಲ್ಲಿ ಕರ್ನಾಟಕಕ್ಕೆ ಹಳೆಯ ಹೆಜ್ಜೆಗಳಿವೆ. 1985ರಿಂದ ಐದು ವರ್ಷ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಕೆಲವು ಔಷಧಿಗಳನ್ನು ಅಲ್ಲಿಗೇ ಮುಟ್ಟಿಸಿ ನೋಡಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಈ ಬಳ್ಳಾರಿ ಮಾದರಿಯ ಮೇಲೆ. ಮುಂದೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರುಗಳಲ್ಲೇ ಪತ್ತೆಹಚ್ಚಿ ವರ್ಷಗಟ್ಟಲೆ ಹಿಂಬಾಲಿಸಿತು. ತಂಡ ನೋಡಿದ್ದು ಮಿದುಳಿನ ಚಿತ್ರವನ್ನಲ್ಲ. ಈ ಮನುಷ್ಯ ತನ್ನ ಸ್ನಾನ ತಾನು ಮಾಡುತ್ತಾನೆಯೇ, ನಾಲ್ಕು ಜನರೊಂದಿಗೆ ಮಾತಾಡುತ್ತಾನೆಯೇ, ಕೆಲಸಕ್ಕೆ ಹೋಗುತ್ತಾನೆಯೇ? ಚಿಕಿತ್ಸೆ ಪಡೆದವರ ಈ ಶಕ್ತಿ ಸುಧಾರಿಸಿತ್ತು, ಪಡೆಯದವರದು ಇದ್ದಲ್ಲೇ ಇತ್ತು. ಇದೇನು ದೊಡ್ಡ ಸಂಶೋಧನೆ ಅನ್ನಿಸಬಹುದು. ಹಳ್ಳಿಯಲ್ಲಿ ಮಾತ್ರೆ ಹಂಚುವುದಕ್ಕೆ ಅರ್ಥವಿದೆಯೇ ಎಂದು ಕೇಳುವ ಅಧಿಕಾರಿಯ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಕಾಗದ ನನಗೆ ಕಾಣದು.

ಗೋವಾದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ ಅಲ್ಲಿನ 24 ಚಿಕಿತ್ಸಾಲಯಗಳಲ್ಲಿ ಖಿನ್ನತೆ, ಆತಂಕಗಳಿಗೆ ಒಂದು ಪದ್ಧತಿಯನ್ನು ಪರೀಕ್ಷಿಸಿತು. ಮನೋವೈದ್ಯರ ಬದಲು ತರಬೇತಿ ಪಡೆದ ಸ್ಥಳೀಯ ಸಲಹೆಗಾರರೇ ಮಾತಾಡಿಸುವ ಪದ್ಧತಿ. 2010ರಲ್ಲಿ ಫಲಿತಾಂಶ ಬಂದಾಗ ಸರ್ಕಾರಿ ಕೇಂದ್ರಗಳಲ್ಲಿ ಸಲಹೆಗಾರರಿದ್ದ ಕಡೆ ನೂರರಲ್ಲಿ ಸುಮಾರು 66 ಜನ ಚೇತರಿಸಿಕೊಂಡಿದ್ದರು, ಇಲ್ಲದ ಕಡೆ ಸುಮಾರು 43. ಖಾಸಗಿ ವೈದ್ಯರ ಕ್ಲಿನಿಕ್ಕುಗಳಲ್ಲಿ ಮಾತ್ರ ವ್ಯತ್ಯಾಸವೇ ಇಲ್ಲ. ಸಲಹೆಗಾರರಿರಲಿ ಇಲ್ಲದಿರಲಿ, ಹೆಚ್ಚಿನವರು ಚೇತರಿಸಿಕೊಂಡಿದ್ದರು. ಮನೆಮಂದಿಯನ್ನೆಲ್ಲ ಬಲ್ಲ ವೈದ್ಯರು ಎರಡು ಮಾತು ಹೆಚ್ಚು ಆಡುವುದರಲ್ಲೇ ಆ ಚಿಕಿತ್ಸೆ ಸೇರಿಕೊಂಡಿತ್ತೋ ಏನೋ. ಮುಂದಿನ ಸಂಶೋಧನೆಯ ಪ್ರಶ್ನೆ ಅಲ್ಲೇ ಕೂತಿದೆ.

ಕೆಲವೊಮ್ಮೆ ಉತ್ತರ ಮನೋವೈದ್ಯರ ಕೋಣೆಯೊಳಗೇ ಇರುವುದಿಲ್ಲ. 1995ರ ಸುಮಾರಿಗೆ ಶ್ರೀಲಂಕಾದಲ್ಲಿ ಲಕ್ಷಕ್ಕೆ 47 ಜನ ಆತ್ಮಹತ್ಯೆಯಿಂದ ಸಾಯುತ್ತಿದ್ದರು, ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಆ ದೇಶ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋಯಿತು. ಇಪ್ಪತ್ತು ವರ್ಷಗಳಲ್ಲಿ ಪ್ರಮಾಣ ಸುಮಾರು ನೂರಕ್ಕೆ 70ರಷ್ಟು ಇಳಿಯಿತು. ಉಳಿದ ಜೀವಗಳು ಸುಮಾರು 93,000 ಎಂದು ಅಂದಾಜು. ಸಾಯಬೇಕೆಂಬ ಆವೇಗ ಬಹಳ ಜನರಲ್ಲಿ ಕೆಲವೇ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಕಡಿಮೆ ವಿಷದ್ದಾದರೆ ಬದುಕುತ್ತಾರೆ, ಬದುಕಿದವರಲ್ಲಿ ಹೆಚ್ಚಿನವರು ಮುಂದೆಯೂ ಬದುಕಿರುತ್ತಾರೆ. 2022ರಲ್ಲಿ ನಮ್ಮ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ನಮ್ಮ ಹಳ್ಳಿಗಳಲ್ಲಿ ಗದ್ದೆಗೆ ಹೊಡೆಯುವ ವಿಷವನ್ನೂ ‘ಔಷಧಿ’ ಎಂದೇ ಕರೆಯುತ್ತೇವೆ. ಮನೋರೋಗದ ಸಂಶೋಧನೆಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲು ಆ ಔಷಧಿಯ ಅಂಗಡಿಗೂ ಹೋಗಬೇಕು ಎಂದರೆ ಸಮಿತಿಗಳಲ್ಲಿ ಇನ್ನೂ ಹುಬ್ಬೇರುತ್ತದೆ.

ಬ್ರಿಟನ್ನಿನ ಪಟ್ಟಿಯನ್ನು ಹಾಗೇ ಇಲ್ಲಿ ತಂದು ಅಂಟಿಸಲೂ ಆಗದು. ಕಡ್ಡಾಯ ಚಿಕಿತ್ಸೆಯ ಮೂರನೆಯ ಪ್ರಶ್ನೆ ಅಲ್ಲಿ ಕಾನೂನಿಗೆ ಸೇರಿದ್ದು. ಇಲ್ಲಿ ಅದು ಅಡುಗೆಮನೆಯಲ್ಲೇ ಇತ್ಯರ್ಥವಾಗಿಬಿಡುತ್ತದೆ. ಮಾತ್ರೆ ಪುಡಿಮಾಡಿ ಸಾರಿಗೋ ಕಾಫಿಗೋ ಬೆರೆಸಿ, ಹೇಳದೆ ಕೊಡುವ ಮನೆಗಳು ಎಷ್ಟಿಲ್ಲ! ಚೆನ್ನೈನ ಸ್ಕಾರ್ಫ್ ಸಂಸ್ಥೆಯ ವೈದ್ಯರು 2002ರಲ್ಲೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ಕಾಯಿಲೆ ಇಳಿದ ಮೇಲೆ ಮಗನಿಗೆ ಹೇಳಬೇಕೇ, ಹೇಳಿದರೆ ಮತ್ತೆ ಅಮ್ಮನ ಕೈಯಡುಗೆ ಉಣ್ಣುತ್ತಾನೆಯೇ? ಮದುವೆ ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳುವವರು ಇಲ್ಲಿದ್ದಾರೆ. ಹೆಣ್ಣಿನ ಕಡೆಯವರಿಗೆ ಹೇಳಬೇಕೇ ಎಂದು ಕೇಳುವವರೂ ಇದ್ದಾರೆ. ಎಲ್ಲಕ್ಕಿಂತ ಮೇಲೆ, ಎಪ್ಪತ್ತು ದಾಟಿದ ತಂದೆತಾಯಿಯರ ಒಂದೇ ಪ್ರಶ್ನೆ: ‘ನಾವು ಹೋದಮೇಲೆ ಇವನಿಗೆ ಯಾರು?’ ನನ್ನ ಕೈಗೆ ಕಾರ್ಡು ಕೊಟ್ಟರೆ ಇದನ್ನೇ ಮೊದಲು ಇಡುತ್ತೇನೆ. 2011ರಲ್ಲಿ 60ಕ್ಕೂ ಹೆಚ್ಚು ದೇಶಗಳ 422 ಪರಿಣತರು ಜಾಗತಿಕ ಮಾನಸಿಕ ಆರೋಗ್ಯದ ದೊಡ್ಡ ಸವಾಲುಗಳನ್ನು ಪಟ್ಟಿ ಮಾಡಿದರು. ಗಂಭೀರವಾದ, ಉಪಯುಕ್ತವಾದ ಪಟ್ಟಿಯೇ. ಆದರೆ ಪರಿಣತರ ಭಾಷೆಯಲ್ಲಿ ಈ ಪ್ರಶ್ನೆ ‘ದೀರ್ಘಕಾಲೀನ ಆರೈಕೆ’ ಎಂದಾಗುತ್ತದೆ, ಆ ಮುದುಕರ ಮುಖ ಮರೆಯಾಗುತ್ತದೆ.

ಕನ್ನಡದಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ವಾರಪತ್ರಿಕೆಗಳ ಮನೋವೈದ್ಯರ ಅಂಕಣಗಳಿಗೆ ದಶಕಗಳಿಂದ ಓದುಗರು ಹೆಸರು ಬೇಡವೆಂದು ಕೋರಿ ಇನ್‌ಲ್ಯಾಂಡ್ ಪತ್ರ ಬರೆದಿದ್ದಾರೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಬೇಸರವಿಲ್ಲದೆ ಉತ್ತರಿಸಿದ್ದಾರೆ. ಹಳೆಯ ಸಂಚಿಕೆಗಳನ್ನು ತೆಗೆದು ಆ ಪ್ರಶ್ನೆಗಳನ್ನು ವಿಂಗಡಿಸಿ ಎಣಿಸಿದರೆ ಅರ್ಧ ಪಟ್ಟಿ ಅಲ್ಲೇ ಸಿದ್ಧ. ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿಗೆ ಬರುವ ಕರೆಗಳೂ ಇಂಥದೇ ಭಂಡಾರ. ಹೆಸರು, ಊರುಗಳನ್ನು ಅಳಿಸಿ ಬರೀ ಪ್ರಶ್ನೆಗಳನ್ನು ಒಟ್ಟು ಮಾಡಿದರೂ ಸಾಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಈ ಕಾಯಿಲೆ ಇದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಇಷ್ಟು ದಿನ ಕೇಳಲು ಸಂಕೋಚವಾದ ಒಂದು ಪ್ರಶ್ನೆಯನ್ನು ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯನ್ನೇ ತಿರುಗಿಸಿ ವೈದ್ಯರ ಮುಂದಿಡಿ. ಉತ್ತರ ಇದ್ದರೆ ಅವರು ಹೇಳುತ್ತಾರೆ. ‘ಇದಕ್ಕೆ ಇನ್ನೂ ಸರಿಯಾದ ಉತ್ತರ ಇಲ್ಲ’ ಎಂದರೆ, ಹಾಗೆಂದು ಕೇಸ್ ಶೀಟಿನಲ್ಲಿ ಬರೆಯಲು ಕೇಳಿಕೊಳ್ಳಿ. ಆಸ್ಪತ್ರೆ ದೂರವಾದರೆ ಟೆಲಿಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.